ಆಣಿಗೆ ಊರೆಲ್ಲ ಡಾಕ್ಟರು

ಮದುವೆಮನೆಯಲ್ಲಿ ಯಾರಾದರೂ ಪಂಚೆಯ ಅಂಚು ಹಿಡಿದು, ನೆಲ ನೋಡಿ ನೋಡಿ ಹೆಜ್ಜೆಯಿಡುತ್ತಿದ್ದರೆ ಗಾಂಭೀರ್ಯ ಅಂದುಕೊಳ್ಳಬೇಡಿ. ಅಂಗಾಲಲ್ಲಿ ಆಣಿ ಇರುತ್ತದೆ. ಊಟದ ಪಂಕ್ತಿಗೆ ಕರೆದಾಗ ಅದೇ ಕಾಲು ಎಲ್ಲರಿಗಿಂತ ಮುಂದಿರುತ್ತದೆ, ಆ ಮಾತು ಬಿಡಿ.

ಎದೆನೋವು ಅಂದರೆ ಜನ ಡಾಕ್ಟರ ವಿಳಾಸ ಕೊಡುತ್ತಾರೆ. ಆಣಿ ಅಂದರೆ ತಾವೇ ಡಾಕ್ಟರಾಗುತ್ತಾರೆ. ದೊಡ್ಡಮ್ಮನದು ಎಕ್ಕದ ಹಾಲು, ಪಕ್ಕದ ಮನೆಯವರದು ಜಜ್ಜಿದ ಬೆಳ್ಳುಳ್ಳಿ, ಕರಾವಳಿಯ ಬೀಗರದು ಗೇರೆಣ್ಣೆ. ಮೂರೂ ಚರ್ಮ ಸುಡುವಂಥವೇ. ಆಣಿ ಇದ್ದಲ್ಲೇ ಇದ್ದು, ಸುತ್ತಲಿನ ಬಡಪಾಯಿ ಚರ್ಮ ಬೊಬ್ಬೆ ಎದ್ದರೆ “ನೋಡಿದ್ರಾ, ಔಷಧಿ ಹಿಡೀತಿದೆ!” ಎಂಬ ಸಮಾಧಾನ ಬೇರೆ.

ನಮ್ಮ ಭಾವ ಇನ್ನೂ ಶೂರರು. ಬ್ಲೇಡು ಹಿಡಿದು “ಬೇರು ಸಮೇತ ಕೀಳ್ತೀನಿ” ಅನ್ನುತ್ತಾರೆ. ಭಾವ, ಅದಕ್ಕೆ ಬೇರೇ ಇಲ್ಲ! ಒಂದೇ ಜಾಗ ಒತ್ತಿ, ಉಜ್ಜಿ ಚರ್ಮ ದಪ್ಪಗಟ್ಟುತ್ತದೆ. ನಡುವೆ ಗಟ್ಟಿ ತಿರುಳೊಂದು ಬುಗುರಿಯ ಮೊಳೆಯ ಹಾಗೆ ಒಳಗೆ ಮೂತಿ ಮಾಡಿ ಕೂರುತ್ತದೆ. ಕಾಲೂರಿದಾಗ ಚುಚ್ಚುವುದು ಅದು. ನೇರ ಒತ್ತಿದ್ದಕ್ಕಿಂತ ಪಕ್ಕದಿಂದ ಹಿಂಡಿದರೆ ಹೆಚ್ಚು ನೋವಾಗಿ, ಒಳಗೆ ಕಪ್ಪು ಚುಕ್ಕಿ ಕಂಡರೆ ಅದು ಆಣಿಯಲ್ಲ, ನರುಲಿ ಇರಬಹುದು. ಉಜ್ಜಿದರೆ ಹರಡೀತು.

ನಿಜವಾದ ಮನೆಮದ್ದು ಬಲು ಸಪ್ಪೆ, ಹಾಗಾಗಿ ಯಾರಿಗೂ ರುಚಿಸುವುದಿಲ್ಲ. 10-15 ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಕಾಲಿಟ್ಟು, ಮೆತ್ತಗಾದ ಮೇಲೆ ಪ್ಯೂಮಿಸ್ ಕಲ್ಲಿನಿಂದ ಹಗುರಾಗಿ ಉಜ್ಜಿ, ಒರೆಸಿ, ಎಣ್ಣೆಯನ್ನೋ ಕ್ರೀಮನ್ನೋ ಸವರುವುದು. ನಾಳೆ ಮತ್ತೆ ಅದೇ. “ಇಷ್ಟೇನಾ?” ಅಂತ ಮುಖ ಸಿಂಡರಿಸಿದ ಭಾವ ಮೆಡಿಕಲ್ ಶಾಪಿಗೆ ಹೋಗಿ ಕಾರ್ನ್ ಕ್ಯಾಪ್ ತಂದರು. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಸಾಮಾನ್ಯವಾಗಿ ಶೇ. 40. ಆಣಿ ಯಾವುದು, ಒಳ್ಳೆ ಚರ್ಮ ಯಾವುದು ಅಂತ ಅದಕ್ಕೇನು ಗೊತ್ತು? ಪಟ್ಟಿ ಆಚೀಚೆ ಜರುಗಿದರೆ ಎರಡನ್ನೂ ತಿನ್ನುತ್ತದೆ.

ಸಕ್ಕರೆ ಕಾಯಿಲೆಯವರೇ, ನಿಮ್ಮ ಹತ್ತಿರ ತಮಾಷೆಯಿಲ್ಲ. ಕಾಲಿನ ಸ್ಪರ್ಶ ಮಂದವಾಗಿದ್ದರೆ ಸುಟ್ಟದ್ದೂ ಕೊಯ್ದದ್ದೂ ತಿಳಿಯುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ಬ್ಲೇಡೂ ಬೇಡ, ಕ್ಯಾಪೂ ಬೇಡ. ನೆಟ್ಟಗೆ ಡಾಕ್ಟರ ಹತ್ತಿರ ನಡೆಯಿರಿ.

ಇಷ್ಟೆಲ್ಲ ವಿಚಾರಣೆಯಾದರೂ ಮೂಲ ಆರೋಪಿಯನ್ನು ಯಾರೂ ಮಾತಾಡಿಸುವುದಿಲ್ಲ. ಭಾವನ ಶೂ ಬಾಗಿಲ ಪಕ್ಕ ಚೂಪು ಮೂತಿ ಮುಂದಿಟ್ಟುಕೊಂಡು ನಿಂತಿದೆ. ಬೆಳಿಗ್ಗೆ ಬೆಳಿಗ್ಗೆ ಹೋಗಿ ಆಫರಿನಲ್ಲಿ ತಂದದ್ದು. ಸಂಜೆ ಹೊತ್ತಿಗೆ ಕಾಲು ಕೊಂಚ ಊದಿರುತ್ತದೆ, ಆಗ ಹಾಕಿ ನೋಡಿ ಕೊಳ್ಳಬೇಕು ಅಂದರೆ ಕೇಳಲಿಲ್ಲ. “ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ” ಅಂತ ಅಂಗಡಿಯವನ ಆಶೀರ್ವಾದವೂ ಸಿಕ್ಕಿತ್ತು.

“ಅದನ್ನ ಬಿಡಿ ಭಾವ, ಬೆರಳು ಆಡೋ ಹಾಗೆ ಅಗಲದ್ದು ತಗೊಳ್ಳಿ” ಅಂದೆ.

“ದುಡ್ಡು ಕೊಟ್ಟಿದ್ದೀನಿ ಕಣಯ್ಯಾ! ಸವೆಯೋವರೆಗೂ ಹಾಕ್ತೀನಿ.”

ಮೊದಲು ಸವೆಯುವುದು ಭಾವನೇ ಅಂತ ಅಕ್ಕ ಆಗಲೇ ಪಂದ್ಯ ಕಟ್ಟಿದ್ದಾಳೆ.