ನೀರೊಂದನ್ನು ಬಿಟ್ಟು

ಹಾಯಿದೋಣಿ ಬಾಡಿಗೆಗೆ ಹಿಡಿದು ಮೆಡಿಟರೇನಿಯನ್ ಸಮುದ್ರದ ದ್ವೀಪಗಳನ್ನು ಸುತ್ತಿ ಬರಬೇಕೆಂದು ಆಸೆಪಡುವವರು ಮಧುಗಿರಿ, ಕೊರಟಗೆರೆಗಳಲ್ಲೂ ಇದ್ದಾರೆ. ಆಸೆ ಬೆಳೆಯುವುದಕ್ಕೆ ಮಳೆ ಬೇಕಿಲ್ಲವಲ್ಲ! ಅಂಥವರು ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮುಂಚೆ ತುಮಕೂರು ಜಿಲ್ಲೆಯ ನಕ್ಷೆಯನ್ನೊಮ್ಮೆ ಬಿಡಿಸಿ ನೋಡಲಿ. ಹತ್ತು ತಾಲ್ಲೂಕುಗಳಲ್ಲಿ ಒಂಬತ್ತು ಹೆಗಲಿಗೆ ಹೆಗಲು ತಾಗಿಸಿ ಕೂತಿವೆ. ಪಾವಗಡ ಮಾತ್ರ ಮುನಿಸಿಕೊಂಡು ಉತ್ತರಕ್ಕೆ ಹೋಗಿ ಕೂತಿದೆ. ಅದರ ಮೂರು ಕಡೆ ಆಂಧ್ರ, ಪಡುವಣಕ್ಕೆ ಚಿತ್ರದುರ್ಗ ಜಿಲ್ಲೆ. ಮಧುಗಿರಿಯಿಂದ ನೆಟ್ಟಗೆ ಪಾವಗಡಕ್ಕೆ ಹೊರಟ ಬಸ್ಸು ಮಿಡಿಗೇಶಿ ಕಳೆದ ಮೇಲೆ ಆಂಧ್ರದ ತುಂಡೊಂದನ್ನು ಹಾಯ್ದೇ ಹೋಗಬೇಕು. ಅಂಗಡಿಗಳ ಬೋರ್ಡು ತೆಲುಗಿಗೆ ತಿರುಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಕನ್ನಡಕ್ಕೆ ಮರಳುತ್ತದೆ. ಕಿಟಕಿಗೆ ತಲೆಯಾನಿಸಿ ನಿದ್ದೆ ಹೊಡೆಯುತ್ತಿದ್ದವರು ಹೊರರಾಜ್ಯ ನೋಡಿ ಬಂದದ್ದು ಅವರಿಗೇ ಗೊತ್ತಾಗುವುದಿಲ್ಲ. ಮೂರು ಕಡೆ ಮಾತ್ರ ಸುತ್ತುವರಿದದ್ದು ಪರ್ಯಾಯದ್ವೀಪವಾಯಿತಲ್ಲ ಎಂದು ಭೂಗೋಳದ ಮೇಷ್ಟ್ರು ತಗಾದೆ ತೆಗೆಯಬಹುದು. ಆದರೆ ಡಿ.ಸಿ. ಆಫೀಸಿನ ಕೆಲಸಕ್ಕೆಂದು ತುಮಕೂರಿಗೆ ಹೊರಟ ಪಾವಗಡದವರ ಪಾಲಿಗೆ ಅದು ಶುದ್ಧ ದ್ವೀಪವೇ. ಇದ್ದೂರಿನಲ್ಲೇ ದ್ವೀಪಯಾನಕ್ಕೆ ಬೇಕಾದದ್ದೆಲ್ಲ ಇರುವಾಗ ಅಷ್ಟು ದೂರ ಯಾಕೆ ಹೋಗಬೇಕು ಎಂಬುದು ನನ್ನ ವಾದ.

ನೀರೆಲ್ಲಿದೆ ಸ್ವಾಮಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೆಡಿಟರೇನಿಯನ್ನಿನಲ್ಲಿ ನೀರಿದೆ, ಸರಿ, ಕುಡಿಯಲು ಬರುತ್ತದೆಯೇ? ಗ್ರೀಸಿನ ಎಷ್ಟೋ ಒಣ ದ್ವೀಪಗಳು ಗುಟುಕು ನೀರಿಗಾಗಿ ಉಪ್ಪು ತೆಗೆಯುವ ಯಂತ್ರಗಳನ್ನೋ, ನೀರು ಹೊತ್ತು ತರುವ ಹಡಗುಗಳನ್ನೋ ನೆಚ್ಚಿಕೊಂಡಿವೆ. ದೋಣಿ ಹತ್ತಿದವರಿಗೆ ಕಲಿಸುವ ಮೊದಲ ಪಾಠವೂ ಟ್ಯಾಂಕಿನ ನೀರನ್ನು ಅಳೆದು ಬಳಸಿ ಎಂಬುದೇ. ಈ ಪಾಠ ಪಾವಗಡದವರಿಗೆ ಬೇಕೇ? ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆಯೆಂಬುದನ್ನು ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳೇ ಹೇಳುತ್ತವೆ. ಇದರಲ್ಲಿ ಮಾತ್ರ ನಗುವಂಥದ್ದೇನೂ ಇಲ್ಲ. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ, ನಲ್ಲಿಯ ಕೆಳಗೆ ಇಪ್ಪತ್ತು ಲೀಟರ್ ಕ್ಯಾನ್ ಇಟ್ಟು, ತುಂಬಿದ ಮೇಲೆ ಒಂದು ಹನಿಯೂ ತುಳುಕದಂತೆ ಮೋಟಾರ್ ಬೈಕಿನಲ್ಲಿ ಮನೆಗೆ ಸಾಗಿಸುವವರನ್ನು ಯಾವ ಹಡಗಿನ ಕಪ್ತಾನನೂ ಕಣ್ಣು ಮುಚ್ಚಿ ಕೆಲಸಕ್ಕೆ ತೆಗೆದುಕೊಳ್ಳುತ್ತಾನೆ. ನನ್ನ ಮಾತು ನಂಬದಿದ್ದರೆ ಶಿರಾ ತಾಲ್ಲೂಕಿನ ಕಗ್ಗಲಡಿಗೆ ಹೋಗಿ. ಮೀನು ತಿಂದು ಬದುಕುವ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ನೀರಿನ ವಿಚಾರದಲ್ಲಿ ನಮಗಿಂತ ಬಲ್ಲ ಹಕ್ಕಿಗಳೇ ಒಪ್ಪಿಕೊಂಡ ಸೀಮೆಗೆ ನಮ್ಮ ತಕರಾರೇಕೆ?

ಇನ್ನು ದ್ವೀಪಗಳು. ಚನ್ನರಾಯನದುರ್ಗ, ಮಧುಗಿರಿ, ಮಿಡಿಗೇಶಿ, ಪಾವಗಡ, ನಿಡಗಲ್ಲು: ಕಡಲೆಕಾಯಿ, ರಾಗಿ ಹೊಲಗಳ ಬಯಲಿನಿಂದ ಒಂದೊಂದೇ ತಲೆಯೆತ್ತಿ ನಿಂತ ಕಲ್ಲುಬೆಟ್ಟಗಳು, ಒಂದೊಂದರ ಮೇಲೂ ಕೋಟೆ. ಮಧುಗಿರಿಯ ಏಕಶಿಲೆಯಂತೂ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಎತ್ತರ ಹೇಳುವಾಗಲಾದರೂ ಸಮುದ್ರದ ಹೆಸರು ಬಂತಲ್ಲ. ಕಲ್ಲಿನಲ್ಲಿ ಕೊರೆದ ಕಚ್ಚುಗಳಲ್ಲಿ ಹೆಜ್ಜೆಯಿಟ್ಟು, ಬಿಸಿಲಿಗೆ ಕಾದ ಕಬ್ಬಿಣದ ಕಂಬಿಯನ್ನು ಕೈ ಬದಲಿಸಿ ಬದಲಿಸಿ ಹಿಡಿದು ಹತ್ತುವವರಿಗೆ ಕಡಲಯಾನದ ತಲೆಸುತ್ತು ಉಚಿತ. ಅಲ್ಲಿನ ದ್ವೀಪಗಳಿಗೆ ಇತಿಹಾಸದ ಮೆರುಗಿದೆ ಎನ್ನುತ್ತೀರಾ? ನೆಪೋಲಿಯನ್ನನನ್ನು 1814ರಲ್ಲಿ ಎಲ್ಬಾ ದ್ವೀಪಕ್ಕೆ ಅಟ್ಟಿದರು. ವರ್ಷ ತುಂಬುವುದರೊಳಗೆ ತಪ್ಪಿಸಿಕೊಂಡು ಹೋದ. ಅದಕ್ಕೂ ಅರ್ಧ ಶತಮಾನ ಮುಂಚೆ, 1763ರಲ್ಲಿ, ಬಿದನೂರನ್ನು ಗೆದ್ದ ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನು ತಂದಿಟ್ಟದ್ದು ಮಧುಗಿರಿ ಕೋಟೆಯಲ್ಲಿ. 1767ರಲ್ಲಿ ಮರಾಠರು ಬಂದು ಕೋಟೆ ಹಿಡಿಯುವ ತನಕ ಆಕೆಗೆ ಬಿಡುಗಡೆಯಿರಲಿಲ್ಲ. ಸೆರೆಯಿಟ್ಟವರನ್ನು ಹಿಡಿದಿಡುವ ಕೆಲಸದಲ್ಲಿ ಎಲ್ಬಾಕ್ಕಿಂತ ನಮ್ಮ ಬೆಟ್ಟವೇ ಗಟ್ಟಿ.

ಗಾಳಿಯ ಲೆಕ್ಕದಲ್ಲೂ ನಾವು ಸೋಲುವುದಿಲ್ಲ. ಏಜಿಯನ್ ಸಮುದ್ರದಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ಬಡಗಣದಿಂದ ಮೆಲ್ಟೆಮಿ ಎಂಬ ಒಣಗಾಳಿ ಬೀಸಿ ದೋಣಿಗಳನ್ನು ದಿನಗಟ್ಟಲೆ ಬಂದರಿನಲ್ಲೇ ಕಟ್ಟಿಹಾಕುತ್ತದೆ. ಅದೇ ಹೊತ್ತಿಗೆ ನಮ್ಮಲ್ಲಿ ಆಷಾಢದ ಗಾಳಿ. ಮೋಡವನ್ನು ತೋರಿಸಿ, ಮಳೆಯನ್ನು ಕೊಡದೆ ಅಟ್ಟಿಕೊಂಡು ಹೋಗುವುದೇ ಅದರ ಕಸುಬು. ವೇಗವೋ, ಹಾಯಿದೋಣಿ ಗಂಟೆಗೆ ಸುಮಾರು ಹತ್ತು ಕಿಲೋಮೀಟರ್ ಹೋದರೆ ಅದೇ ಭಾಗ್ಯ. ಊರೂರಿಗೂ ನಿಂತು ಹೋಗುವ ನಮ್ಮ ಖಾಸಗಿ ಬಸ್ಸನ್ನು ಬೈಯುವವರು ಇದನ್ನು ಗಮನಿಸಬೇಕು.

ಬಿಸಿಲು ಕಾಯಿಸಿಕೊಳ್ಳಲು ಅಲ್ಲಿಗೆ ಹೋಗುತ್ತಾರಂತೆ, ಅದೂ ದುಡ್ಡು ಕೊಟ್ಟು! ಪಾವಗಡದ ಬಿಸಿಲಿಗೆ ದುಡ್ಡು ಕೊಡುವುದಿಲ್ಲ, ಪಡೆಯುತ್ತಾರೆ. ತಿರುಮಣಿ, ಬಳಸಮುದ್ರ ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ರೈತರಿಗೆ ಬರುತ್ತದೆ. ಜಮೀನೇ ಇಲ್ಲದ ಕೂಲಿಯವರಿಗೆ ಈ ಬಿಸಿಲಿನಿಂದ ಏನು ಬಂತು ಎಂದು ಕೇಳಿದರೆ ನನ್ನ ವಾದ ಸ್ವಲ್ಪ ತೊದಲುತ್ತದೆ.

ಯಾನಕ್ಕೆ ರೈಲಿಲ್ಲವೇ ಎಂದೂ ಕೇಳುತ್ತಾರೆ. ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಹಾದು ಹೋಗುವ ತುಮಕೂರು–ರಾಯದುರ್ಗ ಮಾರ್ಗ ಮಂಜೂರಾದದ್ದು 2007-08ರಲ್ಲಿ. ಟ್ರಾಯ್ ಯುದ್ಧ ಮುಗಿಸಿದ ಒಡಿಸ್ಸಿಯಸ್ ಅದೇ ಮೆಡಿಟರೇನಿಯನ್ನಿನಲ್ಲಿ ಅಲೆದು ಹತ್ತು ವರ್ಷಕ್ಕೆ ಮನೆ ಸೇರಿದ. ನಮ್ಮ ರೈಲು ಆ ದಾಖಲೆ ಮುರಿದು ಬಹಳ ಕಾಲವಾಯಿತು. ಸದ್ಯಕ್ಕೆ ಬಸ್ಸೇ ಗತಿ. ಮಧುಗಿರಿಯಿಂದ ಮಧ್ಯಾಹ್ನ ಹೊರಡುವುದಾದರೆ ಬಲಗಡೆಯ ಕಿಟಕಿ ಹಿಡಿಯಿರಿ. ಎಡಗಡೆ ಕೂತರೆ ಪಾವಗಡದವರೆಗೂ ಬಿಸಿಲು, ಅದಕ್ಕೆ ಯಾರೂ ಗುತ್ತಿಗೆ ಹಣ ಕೊಡುವುದಿಲ್ಲ.