ಕಾಕಾನ ಸಕ್ಕರಿಗೆ ಯಾವ ಫಾರ್ಮ್ಯಾಟು?

(ಬೆಳವಣಕಿಯ ಚಹಾದಂಗಡಿ. ಕಾಕಾನ ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಒಳಗೆ ಎಕ್ಸ್‌ರೇ, ಲ್ಯಾಬ್ ರಿಪೋರ್ಟು, ಎಣ್ಣೆಯ ಕಲೆ ಹತ್ತಿದ ಡಾಕ್ಟರ ಚೀಟಿ. ತಮ್ಮ ಕಂಪ್ಯೂಟರ್ ಕಲಿತವನು.)

ಕಾಕಾ: ತಮ್ಮಾ, ಇದನ್ನೆಲ್ಲಾ ಮೊಬೈಲಿಗೆ ಹಾಕಿಕೊಡೋ. ಗದಗಿನ ಡಾಕ್ಟರಿಗೆ ತೋರಸಬೇಕು.

ತಮ್ಮ: ಯಾವ ಫಾರ್ಮ್ಯಾಟಿನ್ಯಾಗ ಹಾಕ್ಲಿರಿ?

ಕಾಕಾ: ನನಗಿರೋದು ಸಕ್ಕರಿ ಕಾಯಿಲೆ. ಅದಕ್ಕ ಯಾವುದು ಹೊಂದತೈತೋ ಅದರಾಗ ಹಾಕು.

ತಮ್ಮ: ಹಂಗಲ್ರಿ ಕಾಕಾ. 2016ರಾಗ ಕೇಂದ್ರ ಸರ್ಕಾರ ಆರೋಗ್ಯ ದಾಖಲೆಗೆ ಮಾನದಂಡ ಮಾಡೇತಿ. ಸ್ಕ್ಯಾನ್ ಮಾಡಿದ ಕಾಗದಕ್ಕ ಪಿಡಿಎಫ್-ಎ, ಎಕ್ಸ್‌ರೇಗೆ ಡೈಕಾಮ್.

ಕಾಕಾ: ಪಿಡಿಎಫ್ ಗೊತ್ತು, ಪಹಣಿ ಅದರಾಗ ಬರತೈತಿ. ಈ 'ಎ' ಯಾಕ?

ತಮ್ಮ: ಫಾಂಟೂ ಫೈಲಿನೊಳಗ ಇರತೈತ್ರಿ. ಮೂವತ್ತು ವರ್ಷ ಬಿಟ್ಟು ತೆಗದ್ರೂ ಹಿಂಗ ಕಾಣಬೇಕು.

ಕಾಕಾ: ಡಾಕ್ಟರ ಅಕ್ಷರ ಇವತ್ತ ಯಾರಿಗೂ ಓದಾಕ ಬರವಲ್ದು. ಮೂವತ್ತು ವರ್ಷ ಕಾಪಾಡಿ ಏನ ಮಾಡ್ತಿ?

ತಮ್ಮ: ಅದಕ್ಕ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನವರು ಎಫ್‌ಎಚ್‌ಐಆರ್ ಅನ್ನೋ ಮಾನದಂಡ ಹಿಡದಾರ. ಸಕ್ಕರಿ ಎಷ್ಟು, ಗುಳಿಗಿ ಯಾವುದು, ಎಲ್ಲಾ ಬ್ಯಾರೆ ಬ್ಯಾರೆ ಖಾನೆದಾಗ.

ಕಾಕಾ: ಚಲೋ ಆತು. ತುಂಬೋರು ಯಾರು?

ತಮ್ಮ: (ಚಹಾ ಗುಟುಕರಿಸಿ) ಚೀಟಿಯ ಪಿಡಿಎಫನ್ನ ಇಡಿಯಾಗಿ ಅದರೊಳಗ ಸೇರಸಾಕೂ ಅವಕಾಶ ಐತ್ರಿ.

ಕಾಕಾ: ಅಂದ್ರ ಹಳೇ ಚೀಲಾನ ಹೊಸ ಚೀಲದಾಗ ಹಾಕೂದು!

(ಮಾನದಂಡ ಬರೆದವರು ಹಳ್ಳಿ ದವಾಖಾನೆಯ ಸರದಿಯಲ್ಲಿ ಒಂದು ಸೋಮವಾರ ನಿಂತಿದ್ದರೆ ಖಾನೆಗಳು ಅರ್ಧಕ್ಕಿಳಿಯುತ್ತಿದ್ದವು ಎಂಬುದು ನನ್ನ ಗುಮಾನಿ.)

ತಮ್ಮ: ಇದನ್ನ ಸೇರಸಾಕ ನಿಮ್ಮ ಆರೋಗ್ಯ ಖಾತೆಯ 14 ಅಂಕಿಯ ಆಭಾ ನಂಬರ್ ಹೇಳ್ರಿ, ಒಟಿಪಿ ಬರತೈತಿ.

ಕಾಕಾ: ಆಭಾಕ್ಕ ಕೊಟ್ಟ ನಂಬರಿನ ಫೋನು ಮಗನ ಕಡೆ. ಅಂವ ಮಂಗಳೂರಾಗ ಗೌಂಡಿ ಕೆಲಸಕ್ಕ ಹೋಗ್ಯಾನ.

ಓದುಗರೇ, ಆಭಾ ಮಾಡಿಸುವಾಗ ನಿಮ್ಮ ಕೈಯಲ್ಲೇ ಇರುವ ಫೋನಿನ ನಂಬರು ಕೊಡಿ. ಚೀಲವನ್ನೂ ಸದ್ಯಕ್ಕೆ ಎಸೆಯಬೇಡಿ.