ಐವತ್ತಕ್ಕೆ ಮುಗಿಯುವ ಓದು

ಮುಶಿಗೇರಿಯಲ್ಲಿ ಬಿ.ಎಡ್. ಮಾಡಿದವರಿಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಟೀಚರ್ ಆಗ್ತಾಳ, ಮುಗೀತು. ಅದಾದ ಮೇಲೂ ಧಾರವಾಡಕ್ಕೆ ಹೋಗಿ, 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಡ್. ಸೇರಿ, ಶಿಕ್ಷಣದ ತತ್ತ್ವಶಾಸ್ತ್ರ ಓದುತ್ತೇನೆ ಎಂದವಳಿಗೆ ಮಾತ್ರ ಬಿಡುಗಡೆಯಿಲ್ಲ.

“ಸಾಲಿ ಕಲಿಸೋದು ಕಲತಿ. ಈಗೇನ್ ಕಲ್ಯಾಕತ್ತಿ?” ಎಂದ ಕಾಕಾ.

“ಸಾಲಿ ಯಾಕ ಕಲಿಸಬೇಕು ಅನ್ನೋದನ್ನ.”

“ಅದು ಗೊತ್ತಿಲ್ದನ ಸರ್ಕಾರ ಇಷ್ಟು ಸಾಲಿ ಕಟ್ಟಿಸೇತೇನು?”

ಇದೇ ಪ್ರಶ್ನೆ ಸೆಮಿನಾರಿನಲ್ಲಿ ಬಂದಿದ್ದರೆ ಎರಡು ತಾಸು ಚರ್ಚೆ, ನಡುವೆ ಚಹಾ. ಕಾಕಾ ಎಲಿ-ಅಡಿಕಿ ಉಗುಳಿ ಎದ್ದೇ ಹೋದ.

ದಸರೆ ರಜೆಗೆ ಊರಿಗೆ ಬಂದರೆ ಉಳ್ಳಾಗಡ್ಡಿ ಸುಗ್ಗಿ. ಎರೆಹೊಲದಲ್ಲಿ ಹೆಣ್ಣುಮಕ್ಕಳೆಲ್ಲ ಸಾಲಾಗಿ ಕುಕ್ಕರಗಾಲಲ್ಲಿ ಕೂತು ಕುಡಗೋಲಿನಿಂದ ಒಣಗಿದ ತಪ್ಪಲು ಕೊಯ್ಯುತ್ತಾರೆ. ದಪ್ಪ ಗಡ್ಡಿ ಒಂದು ಕಡೆ, ಗೋಲಿಯಷ್ಟಿರುವವು ಇನ್ನೊಂದು ಕಡೆ, ಕೊಳೆತದ್ದು ಬದುವಿಗೆ. ಕೈ ಕೆಲಸದಲ್ಲಿದ್ದರೂ ಬಾಯಿ ಬಿಡುವಾಗಿತ್ತು. ಜಾನ್ ಡ್ಯೂಯಿ 1896ರಲ್ಲಿ ಷಿಕಾಗೋದಲ್ಲಿ ತೆರೆದ ಪ್ರಯೋಗ ಶಾಲೆಯ ಕಥೆ ತೆಗೆದೆ. ಅಲ್ಲಿ ಮಕ್ಕಳು ಅಡಿಗೆ ಮಾಡುತ್ತ, ನೇಯುತ್ತ, ಬಡಿಗತನ ಮಾಡುತ್ತ ಕಲಿಯುತ್ತಿದ್ದರು. 1937ರಲ್ಲಿ ವರ್ಧಾದಲ್ಲಿ ಗಾಂಧೀಜಿಯೂ ಕೈಕಸುಬಿನ ಮೂಲಕವೇ ಕಲಿಸಿ ಎಂದರು.

ದೊಡ್ಡವ್ವ ತಲೆ ಎತ್ತಲಿಲ್ಲ. “ಅಲ್ಲಿ ಇದಕ್ಕ ಫೀ ಕೊಟ್ಟು ಕಳಸ್ತಿದ್ರೇನು? ನಿನಗ ಇಲ್ಲೆ ಪುಕ್ಕಟೆ ಐತಿ. ಆ ಸಾಲು ಹಿಡಿ.”

ಸಾಲು ಹಿಡಿದೆ. ಡ್ಯೂಯಿಯನ್ನು ಬಿಟ್ಟು ರೂಸೋನನ್ನು ಹಿಡಿದೆ. 1762ರ ‘ಎಮಿಲ್’ನಲ್ಲಿ ಆತ ಹನ್ನೆರಡರ ತನಕ ಹುಡುಗನ ಕೈಗೆ ಪುಸ್ತಕವನ್ನೇ ಕೊಡುವುದಿಲ್ಲ. ಪಕ್ಕದಲ್ಲಿದ್ದ ಐದನೇತ್ತೆಯ ಹುಡುಗ ಕಿವಿ ನಿಮಿರಿಸಿ, “ಅಕ್ಕಾ, ಇದನ್ನ ನಮ್ಮ ಮಾಸ್ತರ್‌ಗೆ ಹೇಳ್ರೀ” ಎಂದ. ಅದೇ ಪುಸ್ತಕದ ಕೊನೆಯಲ್ಲಿ ಬರುವ ಸೋಫಿಗೆ ಗಂಡನನ್ನು ಸಂತೋಷವಾಗಿಡುವುದೇ ವಿದ್ಯೆ. ಅದನ್ನು ಈ ಹೊಲದಲ್ಲಿ ಹೇಳುವ ಧೈರ್ಯ ಮಾಡಲಿಲ್ಲ. ಬದಲಿಗೆ ರೂಸೋ ತನ್ನ ಐದೂ ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟದ್ದನ್ನು ಹೇಳಿದೆ. ದೊಡ್ಡವ್ವನ ಕುಡಗೋಲು ನಿಂತಿತು.

“ಹಡದಾಕಿ ಏನಂದ್ಲು?”

ಪರೀಕ್ಷೆಯಲ್ಲಿ ಆ ಪ್ರಶ್ನೆ ಇನ್ನೂ ಬಂದಿಲ್ಲ. ಬಂದರೆ ಹತ್ತು ಅಂಕಕ್ಕೆ ಬರಬೇಕು.

ಅದೇ ವಾರ ಕನ್ಯಾ ನೋಡಲು ಬಂದರು. ಸೂಸಲ, ಮಿರ್ಚಿ, ಚಹಾ ಆಯಿತು. ಹುಡುಗನ ಸೋದರಮಾವ ಗಂಟಲು ಸರಿಮಾಡಿಕೊಂಡು, “ಓದು ಯಾವಾಗ ಮುಗಿತೈತ್ರೀ?” ಎಂದರು. ಪ್ಲೇಟೋನ ಲೆಕ್ಕ ಹಿಂದಿನ ರಾತ್ರಿಯಷ್ಟೇ ಕಾಕಾನಿಗೆ ಹೇಳಿದ್ದೆ: ಮೂವತ್ತರಿಂದ ಐದು ವರ್ಷ ತರ್ಕ, ಆಮೇಲೆ ಹದಿನೈದು ವರ್ಷ ಲೋಕದ ಕೆಲಸ, ಆಗ ಪೂರ್ತಿ.

“ಐವತ್ತಕ್ಕ” ಎಂದ ಕಾಕಾ, ಮಿರ್ಚಿ ಕಡಿಯುತ್ತ. “ಗ್ರೀಕ ದೇಶದಾಗ ಪ್ಲೇಟೋ ಅಂತ ಒಬ್ಬಾಂವ ಹೇಳ್ಯಾನ್ರೀ. ಹೆಣ್ಣಮಕ್ಕಳಿಗೂ ಗಂಡಸರಷ್ಟ ಓದು ಅಂತಾನ.”

ಅವ್ವ ಒಳಗಿನಿಂದ ಕಣ್ಣು ಕೆಂಪು ಮಾಡಿದಳು. ಸೋದರಮಾವ ನನ್ನತ್ತ ತಿರುಗಿದರು.

“ಆಂವಗ ಮದುವಿ ಆಗಿತ್ತೇನವಾ?”

“ಆಗಿತ್ತಂತ ಯಾರೂ ಬರದಿಲ್ರೀ.”

ಅವರು ಬಸಿಗೆ ಚಹಾ ಸುರುವಿಕೊಂಡರು. “ಮತ್ತ! ವ್ಯಾಳ್ಯಾ ಇತ್ತು, ಹೇಳ್ಯಾನ.”